ಬೇಲಿಯಿಲ್ಲದ ಹೊಲ

ಹೊಲಕ್ಕೆ ಬೇಲಿ ಬೇಕೆಂಬುದನ್ನು ನಾವು ಯಾರೂ ಪ್ರಶ್ನಿಸುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನೆಂದು ಕೇಳುವವರೂ ನಾವೇ. ಹಾಗಾದರೆ ಹೊಲವನ್ನು ನಿಜಕ್ಕೂ ಕಾಯುವುದು ಯಾವುದು? ಈ ಪ್ರಶ್ನೆ ಎದುರಾದಾಗಲೆಲ್ಲ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಸೀಮೆಯ ಲ್ಯಾಕ್ಸ್‌ಟನ್ ಎಂಬ ಹಳ್ಳಿ ನೆನಪಾಗುತ್ತದೆ.

ಆ ಊರಿನ ಮೂರು ದೊಡ್ಡ ಬಯಲುಗಳು ಇಂದಿಗೂ ಬೇಲಿ ಕಂಡಿಲ್ಲ. ಮಿಲ್ ಫೀಲ್ಡ್, ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್ ಎಂದು ಅವುಗಳ ಹೆಸರು. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮತ್ತೊಂದಕ್ಕೆ ಆ ವರ್ಷ ವಿಶ್ರಾಂತಿ. ರೈತನ ನೆಲ ಒಂದೇ ಕಡೆಯಿಲ್ಲ. ಪಟ್ಟಿ ಪಟ್ಟಿಯಾಗಿ ಬಯಲುಗಳಲ್ಲಿ ಹಂಚಿಹೋಗಿದೆ. 1635ರಲ್ಲಿ ಮಾರ್ಕ್ ಪಿಯರ್ಸ್ ರಚಿಸಿದ ನಕ್ಷೆಯಲ್ಲಿ ಆ ಪಟ್ಟಿಗಳ ಗುರುತು ಕಾಣಬಹುದು. ಒಳ್ಳೆಯ ಮಣ್ಣೆಲ್ಲ ಒಬ್ಬನ ಪಾಲಾಗಿ, ಜವುಗೆಲ್ಲ ಇನ್ನೊಬ್ಬನ ತಲೆಗೆ ಬಂದರೆ ಊರು ಊರಾಗಿ ಉಳಿದೀತೆ?

ಬೇಲಿಯಿಲ್ಲದ ಮೇಲೆ ಒತ್ತುವರಿಯ ಆಸೆ ಹುಟ್ಟದೆ ಇರದು. ಮನುಷ್ಯನ ಸ್ವಭಾವ ಎಲ್ಲೆಡೆಯೂ ಒಂದೇ. ಅದಕ್ಕೇ ನವೆಂಬರ್ ಕೊನೆಯ ಹೊತ್ತಿಗೆ ರೈತರೇ ಪಂಚರಾಗಿ ಗೋಧಿಯ ಬಯಲಿಗೆ ಇಳಿಯುತ್ತಾರೆ. ಗಡಿಗೆ ಗೂಟ ಹೊಡೆಯುತ್ತಾರೆ. ಯಾರ ನೇಗಿಲು ಎಲ್ಲೆ ಮೀರಿತೆಂದು ನೋಡುತ್ತಾರೆ. ವಾರದ ಬಳಿಕ ಊರಿನ ಪಬ್ಬಿನಲ್ಲಿ 'ಕೋರ್ಟ್ ಲೀಟ್' ಎಂಬ ಹಳೆಯ ನ್ಯಾಯಸಭೆ ಸೇರಿ ತಪ್ಪಿತಸ್ಥನಿಗೆ ದಂಡ ಹಾಕುತ್ತದೆ. ದಂಡದ ಮೊತ್ತ ಅಲ್ಪವೇ. ಆದರೆ ನಿತ್ಯ ಮುಖ ನೋಡಬೇಕಾದ ನೆರೆಯವರ ಮುಂದೆ ತಲೆ ತಗ್ಗಿಸುವುದು ಅಲ್ಪದ ಮಾತೆ? ಇಂದು ಅಳೆಯುವವನ ಹೊಲವನ್ನು ನಾಳೆ ಇನ್ನೊಬ್ಬ ಅಳೆಯುತ್ತಾನೆ. ಈ ಅರಿವೇ ಅಲ್ಲಿ ಬೇಲಿ.

ಇದೆಲ್ಲ ಸದ್ಗುಣದಿಂದಲೇ ಉಳಿಯಿತೆಂದರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಸುತ್ತಲಿನ ಹಳ್ಳಿಗಳ ಬಯಲುಗಳು ಕಾಯ್ದೆಯ ಬಲದಿಂದ ಬೇಲಿಯೊಳಗೆ ಸೇರಿದಾಗ ಲ್ಯಾಕ್ಸ್‌ಟನ್ ಪಾರಾಗಲು ಅಲ್ಲಿನ ಇಬ್ಬರು ಜಮೀನ್ದಾರರ ನಡುವೆ ಹೊಂದಾಣಿಕೆ ಕುದುರದಿದ್ದುದೂ ಒಂದು ಕಾರಣ. ಮುಂದೆ 1952ರಲ್ಲಿ ಈ ಭೂಮಿಯನ್ನು ಸರ್ಕಾರ ಕೊಂಡಿತು. 2020ರಲ್ಲಿ ಭೂಮಿ ಥೋರ್ಸ್‌ಬಿ ಎಸ್ಟೇಟಿನ ಕೈಸೇರಿತು. ಪಟ್ಟಿಗಳು ಅಗಲವಾಗಿವೆ, ಅವುಗಳ ನಡುವೆ ಟ್ರ್ಯಾಕ್ಟರ್ ಓಡುತ್ತದೆ. ಆದರೂ ವರ್ಷಕ್ಕೊಮ್ಮೆ ಗೂಟ ಹಿಡಿದು ನಡೆಯುವುದನ್ನು ಊರು ಬಿಟ್ಟಿಲ್ಲ. ಆಕಸ್ಮಿಕವಾಗಿ ಉಳಿದದ್ದನ್ನು ಅಕ್ಕರೆಯಿಂದ ಉಳಿಸಿಕೊಳ್ಳುವುದಕ್ಕೇ ಅಲ್ಲವೆ ನಾವು ಪರಂಪರೆ ಎನ್ನುವುದು?

ನಮ್ಮ ಬದುಕಿನ ಪಟ್ಟಿಯೂ ಹತ್ತು ಜನರ ಪಟ್ಟಿಗಳ ನಡುವೆಯೇ ಇದೆ. ಎಲ್ಲ ಕಡೆಯೂ ತಂತಿ ಬಿಗಿಯಲು ಸಾಧ್ಯವೂ ಇಲ್ಲ, ಬಿಗಿದು ಸುಖಪಟ್ಟವರೂ ಇಲ್ಲ. ನೇಗಿಲು ನೆರೆಯವನತ್ತ ವಾಲುವ ಮುನ್ನವೇ ಕೈ ತಾನಾಗಿ ತಡೆಯಲಿ. ಆಗ ಗೂಟ ಹೊತ್ತು ಬಂದವರನ್ನು ಕಂಡು ಅಂಜಬೇಕಿಲ್ಲ. ಕೂರಿಸಿ ಊಟಕ್ಕೆ ಬಡಿಸಿದರೆ ಸಾಕು.