ಹರಕೆ ಹೊತ್ತವರಾರು, ಹೆಸರು ಹೊರುವವರಾರು

ಹುಕ್ಕೇರಿ, ಗೋಕಾಕ ಸೀಮೆಯ ಕನ್ನಡ ಸಾಲಿಗಳಲ್ಲಿ ನಾನು ಅಕ್ಕೋರಾಗಿದ್ದಾಗ ಜೂನ್ ತಿಂಗಳ ದಾಖಲಾತಿಯಲ್ಲಿ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತಿತ್ತು: “ಸಾಲ್ಯಾಗ ರೇಣುಕಾ ಅಂತ ಬರೀರಿ ಅಕ್ಕೋರ, ಮನ್ಯಾಗ ಯಲ್ಲವ್ವ.” ಎರಡೂ ಸವದತ್ತಿ ಗುಡ್ಡದ ತಾಯಿಯ ಹೆಸರೇ. ಒಂದು ರಿಜಿಸ್ಟರಿಗೆ, ಇನ್ನೊಂದು ಹರಕೆಗೆ. ಬಸುರು ನಿಲ್ಲದಿದ್ದಾಗಲೋ ಕೂಸು ಬಾಳದಿದ್ದಾಗಲೋ ಅಜ್ಜಿಯೊಬ್ಬಳು ಗುಡ್ಡದ ಕಡೆ ಮುಖ ಮಾಡಿ ಕೈಮುಗಿದಿರುತ್ತಾಳೆ: ಉಳಿಸಿಕೊಡು, ನಿನ್ನ ಹೆಸರೇ ಇಡುತ್ತೇನೆ.

ನಗುವ ವಿಷಯವಲ್ಲ ಇದು. ಹುಟ್ಟಿದ ಕೂಸುಗಳನ್ನು ಒಂದರ ಹಿಂದೊಂದು ಮಣ್ಣಿಗಿಟ್ಟ ಮನೆಯಲ್ಲಿ ಮುಂದಿನದಕ್ಕೆ ಕಲ್ಲವ್ವ ಎಂದರು, ಕಲ್ಲಿನಂತೆ ಗಟ್ಟಿಯಾಗಿ ಬಾಳಲೆಂದು. ತಿಪ್ಪವ್ವ ಎಂದರು, ತಿಪ್ಪೆಯ ಮೇಲಿನದನ್ನು ಸಾವೂ ಮುಟ್ಟದಿರಲೆಂದು. ಸಾಕವ್ವ ಮಾತ್ರ ಬೇರೆ ಜಾತಿಯ ಹೆಸರು. ಹೆಣ್ಣು ಸಾಕು ಎಂದು ದೇವರಿಗೆ ಕೊಟ್ಟ ಅರ್ಜಿ ಅದು, ಹೊತ್ತು ತಿರುಗಬೇಕಾದವಳು ಆ ಹುಡುಗಿ. ಹಾಜರಿ ಕೂಗುವಾಗ ಆ ಹೆಸರಿಗೆ ಬಂದರೆ ನನ್ನ ದನಿ ತಾನಾಗಿಯೇ ಸಣ್ಣದಾಗುತ್ತಿತ್ತು.

ಈಗ ಈ ಪ್ರಶ್ನೆ ನಮ್ಮ ಮನೆಗೇ ಬಂದಿದೆ. ನನ್ನ ಅಣ್ಣನ ಮಗಳು ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ, ತುಂಬಿದ ಬಸುರಿ. ಮೂಡಲಗಿಯಲ್ಲಿರುವ ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಹೆಣ್ಣಾದರೆ ಯಲ್ಲವ್ವ ಎಂದು ಹರಕೆ ಹೊತ್ತು ಕೂತಿದ್ದಾರೆ. ಅವಳಿಗೋ ಮನೆಯ ಮಾಲಕಿ ಗೆರ್ಟ್ರೂಡ್ ಮೇಲೆ ಪ್ರೀತಿ. ವಾಂತಿ ನಿಲ್ಲದ ದಿನಗಳಲ್ಲಿ ಗಂಜಿ ಮಾಡಿ ಕೊಟ್ಟ ಮುದುಕಿಯ ಹೆಸರೇ ಇಡೋಣವೇ ಎನ್ನುತ್ತಾಳೆ. ಬೀಗತಿ ಫೋನಿನಲ್ಲಿ ನನ್ನನ್ನು ಕೇಳಿದರು: “ಗೆರ್ಟ್ರೂಡ್ ಅಂದ್ರ ಯಾವ ದೇವ್ರು?”

ದೇವರಲ್ಲ. ‘ಗೆರ್’ ಅಂದರೆ ಈಟಿ, ‘ಟ್ರೂಡ್’ ಅಂದರೆ ಬಲ. ಹಳೆಯ ಜರ್ಮನರು ಹೆಣ್ಣುಮಕ್ಕಳ ಹೆಸರಿಗೂ ಈಟಿ, ಯುದ್ಧ, ಬಲವನ್ನೇ ಜೋಡಿಸುತ್ತಿದ್ದರು. ಎರಡು ತುಂಡು ಸೇರಿ ಒಂದು ಅರ್ಥ ಬರಲೇಬೇಕೆಂಬ ಹಟ ಅವರಿಗಿರಲಿಲ್ಲ, ಅಪ್ಪನದೊಂದು ತುಂಡು, ಅವ್ವನದೊಂದು ತುಂಡು ತೆಗೆದುಕೊಂಡದ್ದೂ ಉಂಟು. ಆಮೇಲೆ ಅದೇ ಹೆಸರಿಗೆ ಸಂತಳೊಬ್ಬಳು ಸಿಕ್ಕಳು. ಇಂದಿನ ಬೆಲ್ಜಿಯಂನ ನಿವೆಲ್ ಮಠದ ಗೆರ್ಟ್ರೂಡ್, 659ರಲ್ಲಿ ತೀರಿಕೊಂಡವಳು. ಮಾರ್ಚ್ 17 ಅವಳ ಹಬ್ಬ, ಅಂದು ತೋಟದ ಕೆಲಸ ಶುರು ಮಾಡುವುದು ಅಲ್ಲಿಯ ಹಳ್ಳಿಗರ ರೂಢಿ. ಇದನ್ನು ಹೇಳಿದ ಮೇಲೆ ಬೀಗತಿಗೆ ಸ್ವಲ್ಪ ಸಮಾಧಾನವಾಯಿತು.

ಜರ್ಮನಿಯಲ್ಲಿ ಹೆಸರು ಬರೆಸುವ ಕಚೇರಿಗೂ ಒಂದು ಮಾತಿನ ಹಕ್ಕಿದೆ. ಭಾರತ ಮೂಲದ ಕುಟುಂಬವೊಂದು ಮಗಳಿಗೆ ‘ಕಿರಣ್’ ಎಂದು ಇಟ್ಟಾಗ, ಹೆಣ್ಣೋ ಗಂಡೋ ತಿಳಿಯುವುದಿಲ್ಲವೆಂದು ಕಚೇರಿ ಒಪ್ಪಲಿಲ್ಲ. 2008ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ತಂದೆತಾಯಿಗಳ ಪರ ತೀರ್ಪಿತ್ತಿತು. ಕೂಸಿನ ಹಿತಕ್ಕೆ ಕುಂದು ಬರುವಂತಿದ್ದರೆ ಮಾತ್ರ ತಡೆಯಬಹುದು ಎಂಬುದು ಅದರ ಸಾರ. ಸಾಕವ್ವನ ಹೆಸರು ಬರೆದುಕೊಂಡ ನನಗೆ ಅಂಥ ಹಕ್ಕೊಂದು ಇದ್ದಿದ್ದರೆ ಎನಿಸುತ್ತದೆ.

ಹರಕೆ ಸಾಲವಾದರೆ ಅದನ್ನು ತೀರಿಸಬೇಕಾದವರು ಯಾರು? ಹೊತ್ತವರೋ, ಇನ್ನೂ ಹುಟ್ಟದ ಕೂಸೋ? ನಮ್ಮ ಕಡೆ ಈ ಪ್ರಶ್ನೆ ಬರೀ ಹೆಸರಿನದಲ್ಲ. ಇದೇ ಗೋಕಾಕ, ಹುಕ್ಕೇರಿ ಸೀಮೆಯಲ್ಲಿ ಹಿರಿಯರ ಹರಕೆಗೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಗುಡ್ಡಕ್ಕೆ ಬಿಟ್ಟರು. ಅದನ್ನು ನಿಲ್ಲಿಸಲು 1982ರ ಕಾಯ್ದೆ ಬೇಕಾಯಿತು. ಕಾಯ್ದೆಯಷ್ಟೇ ಸಾಲದೆ, 1997ರಲ್ಲಿ ಮಾಜಿ ದೇವದಾಸಿಯರೇ ಸೇರಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಬೇಕಾಯಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಬಾಲ್ಯದಲ್ಲೇ ದೇವಿಗೆ ಬಿಟ್ಟವರು, 2018ರಲ್ಲಿ ಪದ್ಮಶ್ರೀ ಪಡೆದವರು. ಯಲ್ಲವ್ವ ಎಂದು ಹೆಸರಿಡುವುದೂ ಮುತ್ತು ಕಟ್ಟುವುದೂ ಒಂದೇ ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಸಾವಿರಾರು ತಾಯಂದಿರಿಗೆ ಅನ್ಯಾಯ. ಆದರೆ ಎರಡರಲ್ಲೂ ಬೇಡಿಕೊಂಡವರು ಒಬ್ಬರು, ಕೊಡಬೇಕಾದವಳು ಇನ್ನೊಬ್ಬಳು. ತೊಟ್ಟಿಲ ಹತ್ತಿರ ಸೋದರತ್ತೆ ‘ಕುರ್ರ್’ ಎಂದು ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ, ಕೂಸು ಮಲಗಿರುತ್ತದೆ.

ಹನ್ನೆರಡನೇ ಶತಮಾನದ ಶರಣೆಯರದು ಇದಕ್ಕೆ ತಿರುವುಮುರುವು. ಅಂಕಿತವಿಟ್ಟು ದೇವರಿಗೇ ಅವರು ಹೆಸರು ಕೊಟ್ಟರು. ಸೂಳೆ ಸಂಕವ್ವೆ ತನ್ನ ದೇವರನ್ನು ನಿರ್ಲಜ್ಜೇಶ್ವರ ಎಂದಳು. ಊರೆಲ್ಲ ತನ್ನ ಮೇಲೆ ಹೇರಿದ್ದ ಲಜ್ಜೆಯನ್ನು ಆ ಒಂದೇ ಹೆಸರಿನಲ್ಲಿ ಕಿತ್ತೆಸೆದಳು. ಯಾವ ಅಜ್ಜಿಯ ಹರಕೆಯಿಂದಲೂ ಬರುವಂಥ ಹೆಸರಲ್ಲ ಅದು.

ಬೀಗತಿ ಸುಮ್ಮನೆ ಬಿಡುವವರಲ್ಲ, ಪುರಾಣ ಕೇಳಿದವರು. ಭಾಗವತದ ಅಜಾಮಿಳನನ್ನು ತಂದು ನಿಲ್ಲಿಸಿದರು: ಸಾಯುವಾಗ ಮಗನನ್ನು “ನಾರಾಯಣ” ಎಂದು ಕೂಗಿದ್ದಕ್ಕೇ ಯಮದೂತರು ಹಿಂದೆ ಸರಿದರು, ದೇವರ ಹೆಸರಿಡುವುದು ಅದಕ್ಕಾಗಿಯೇ ಅಲ್ಲವೇ? ನಾನೆಂದೆ: “ಉಳಿದದ್ದು ಯಾರ‍್ರೀ? ಕೂಗಿದ ಅಪ್ಪ. ಹೆಸರು ಹೊತ್ತ ಮಗನಿಗೆ ಏನು ಸಿಕ್ತು ಹೇಳ್ರಿ?” ಪುಣ್ಯ ಕರೆಯುವವರ ನಾಲಗೆಯದಾದರೆ ಬೀಗತಿ ಯಲ್ಲವ್ವ ಎಂದೇ ಕರೆಯಲಿ, ಭರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ತಾವೇ ಪಡಲಗಿ ತುಂಬಿ ಬರಲಿ. ಜರ್ಮನಿಯ ಕಾಗದದಲ್ಲಿ ಏನು ಬರೆಸಬೇಕೆಂಬುದು ಹಡೆಯುವವಳಿಗೆ ಬಿಟ್ಟದ್ದು. ಕೂಸು ಬೆಳೆದು ಅದನ್ನೂ ಬದಲಿಸಬೇಕೆಂದರೆ, ಸೋದರತ್ತೆ ಬದುಕಿದ್ದರೆ ಮತ್ತೊಮ್ಮೆ ಗುದ್ದು ತಿನ್ನಲಿ.