ವಯಸ್ಸಿನ ರಿಯಾಯಿತಿ

ಹಿಚ್‌ಕಾಕ್‌ನ ‘ಫ್ಯಾಮಿಲಿ ಪ್ಲಾಟ್’ ನೋಡಿದವರ ಮಾತು ಕೇಳುತ್ತಾ ಹೋದರೆ ಒಂದು ಪದ ಮತ್ತೆ ಮತ್ತೆ ಬರುತ್ತದೆ: ‘ಆದರೂ’. ಸಡಿಲವಾಗಿದೆ, ಆದರೂ ಆ ವಯಸ್ಸಿನಲ್ಲಿ ಮಾಡಿದ್ದಾನಲ್ಲ. ‘ಸೈಕೋ’ದ ಹತ್ತಿರಕ್ಕೂ ಬರುವುದಿಲ್ಲ, ಆದರೂ ಹಿಚ್‌ಕಾಕ್ ಅಲ್ಲವೇ. 1976ರಲ್ಲಿ ಚಿತ್ರ ತೆರೆಗೆ ಬಂದಾಗ ಆತನಿಗೆ 76 ವರ್ಷ. 1980ರಲ್ಲಿ ತೀರಿಕೊಂಡ, ಹಾಗಾಗಿ ಅದೇ ಕೊನೆಯ ಚಿತ್ರವಾಯಿತು. ನನ್ನನ್ನು ಕಾಡುವುದು ಈ ‘ಆದರೂ’. ಅದು ಗೌರವವೋ ಅವಮಾನವೋ?

ನಮ್ಮ ಬಸ್ಸುಗಳಲ್ಲಿ 60 ದಾಟಿದವರಿಗೆ ಟಿಕೆಟ್ಟಿನಲ್ಲಿ ಶೇಕಡ 25 ರಿಯಾಯಿತಿ ಇದೆ. ಅದು ಅವರ ಹಕ್ಕು, ಸರಿಯಾದದ್ದೇ. ಆ ರಿಯಾಯಿತಿ ಪಡೆದವರೂ ಕೊನೆಗೆ ಎಲ್ಲರೂ ಇಳಿಯುವ ಊರಿಗೇ ಹೋಗಿ ಇಳಿಯುತ್ತಾರೆ. ಕಲೆಯಲ್ಲಿ ನಾವು ಕೊಡುವ ರಿಯಾಯಿತಿ ಹಾಗಲ್ಲ. ಅಲ್ಲಿ ‘ಪಾಪ’ ಅಂದ ಕೂಡಲೇ ನೋಡುವುದು ನಿಂತುಹೋಗುತ್ತದೆ.

ಚಿತ್ರದ ಕಥೆ ತಮಾಷೆಯದು. ಬ್ಲಾಂಚ್ ಎಂಬಾಕೆ ಆತ್ಮಗಳ ಜೊತೆ ಮಾತಾಡುತ್ತೇನೆಂದು ನಂಬಿಸಿ ದುಡ್ಡು ಮಾಡುವವಳು. ಅವಳ ಗೆಳೆಯ ಜಾರ್ಜ್ ಟ್ಯಾಕ್ಸಿ ಓಡಿಸುತ್ತಾನೆ. ಶ್ರೀಮಂತ ಮುದುಕಿಯೊಬ್ಬಳು, ಎಂದೋ ಬೇರೆಯವರಿಗೆ ಕೊಟ್ಟುಬಿಟ್ಟ ತನ್ನ ತಂಗಿಯ ಮಗನನ್ನು ಹುಡುಕಿಕೊಟ್ಟರೆ 10,000 ಡಾಲರ್ ಕೊಡುತ್ತೇನೆ ಅನ್ನುತ್ತಾಳೆ. ಆ ಮಗ ಈಗ ಒಡವೆ ವ್ಯಾಪಾರಿ. ಗುಟ್ಟಿನಲ್ಲಿ ದೊಡ್ಡವರನ್ನು ಅಪಹರಿಸಿ ವಜ್ರ ವಸೂಲಿ ಮಾಡುವವನು. ಇವರು ಅವನಿಗೆ ಆಸ್ತಿ ಕೊಡಿಸಲು ಬೆನ್ನು ಹತ್ತಿದ್ದಾರೆ. ಅವನು ತನ್ನನ್ನು ಹಿಡಿಯಲು ಬಂದಿದ್ದಾರೆಂದು ಇವರನ್ನು ಕೊಲ್ಲಿಸಲು ಹೊರಟಿದ್ದಾನೆ.

ಶುರುವಿನಲ್ಲೇ ಒಂದು ಜಾಗವಿದೆ. ರಾತ್ರಿ, ಬ್ಲಾಂಚ್ ಮತ್ತು ಜಾರ್ಜ್ ವಾದ ಮಾಡುತ್ತಾ ಹೋಗುತ್ತಿದ್ದಾರೆ. ಕಪ್ಪು ಬಟ್ಟೆಯ ಹೆಂಗಸೊಬ್ಬಳು ರಸ್ತೆಗೆ ಅಡ್ಡ ಬರುತ್ತಾಳೆ, ಜಾರ್ಜ್ ಗಕ್ಕನೆ ಬ್ರೇಕ್ ಹಾಕುತ್ತಾನೆ. ಕ್ಯಾಮೆರಾ ಇವರಿಬ್ಬರನ್ನೂ ಅಲ್ಲೇ ಬಿಟ್ಟು ಅವಳ ಹಿಂದೆ ನಡೆದುಬಿಡುತ್ತದೆ. ಅವಳೇ ಅಪಹರಣಕಾರನ ಜೊತೆಗಾತಿ. ಎರಡು ಕಥೆಗಳ ಗಂಟು ಬಿದ್ದದ್ದು ಪಾತ್ರಗಳಿಗೆ ಗೊತ್ತಿಲ್ಲ, ಆ ಕ್ಷಣಕ್ಕೆ ನಮಗೂ ಗೊತ್ತಿಲ್ಲ. ಒಂದು ಮಾತಿಲ್ಲದೆ ಇಷ್ಟು ಕೆಲಸ ಮಾಡಿದವನಿಗೆ ರಿಯಾಯಿತಿ ಯಾಕೆ ಬೇಕು? ಹಾಗೆಯೇ, ಬ್ರೇಕ್ ಕೆಟ್ಟ ಕಾರು ಬೆಟ್ಟದ ರಸ್ತೆಯಲ್ಲಿ ಉರುಳಿಕೊಂಡು ಬರುವಾಗ ಹಿಂದಿನ ನೋಟ ಪರದೆಯ ಮೇಲಿನದು ಎಂಬುದು ಕಣ್ಣಿಗೆ ಹೊಡೆಯುತ್ತದೆ. ಅದನ್ನು ವಯಸ್ಸಿನ ಖಾತೆಗೆ ಬರೆದು ಯಾಕೆ ಮನ್ನಿಸಬೇಕು? ಈ ಹುಳುಕು ಆತನ ಹಳೆಯ ಚಿತ್ರಗಳಲ್ಲೂ ಇತ್ತು.

ಮುಪ್ಪಿಗೆ ದಣಿದು ಹಗುರಾದ ಎನ್ನುವವರಿಗೆ ಎರಡು ಸಂಗತಿ ನೆನಪಿಸಬೇಕು. ನಾಲ್ಕೇ ವರ್ಷ ಮೊದಲು, 1972ರಲ್ಲಿ, ಆತ ‘ಫ್ರೆಂಜಿ’ಯಂಥ ಕ್ರೂರ ಚಿತ್ರ ಮಾಡಿದ್ದ. ‘ಫ್ಯಾಮಿಲಿ ಪ್ಲಾಟ್’ಗೆ ಮೂಲವಾದ ವಿಕ್ಟರ್ ಕ್ಯಾನಿಂಗ್ ಕಾದಂಬರಿಯೂ ಕರಾಳವಾದದ್ದೇ. ಅದನ್ನು ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಾಕ್ಕೆ ಎತ್ತಿಕೊಂಡು ಬಂದು ನಗೆಯ ಕಥೆ ಮಾಡಿದ್ದು ಹಿಚ್‌ಕಾಕ್ ಮತ್ತು ಚಿತ್ರಕಥೆ ಬರೆದ ಅರ್ನೆಸ್ಟ್ ಲೇಮನ್. ಅಂದರೆ ಹಗುರತನ ಬೇಕೆಂದೇ ಆರಿಸಿಕೊಂಡದ್ದು.

ನನ್ನ ಮುತ್ಯಾ ನಮ್ಮ ಮಮದಾಪುರದ ದೊಡ್ಡಾಟದಲ್ಲಿ ವರ್ಷಗಟ್ಟಲೆ ಭೀಮನ ಪಾತ್ರ ಕಟ್ಟಿದವನು. ಎಪ್ಪತ್ತರ ಸುಮಾರಿಗೆ ಭೀಮನನ್ನು ಬಿಟ್ಟು ಸಾರಥಿಯಾದ, ಜನರನ್ನು ನಗಿಸತೊಡಗಿದ. ‘ಪಾಪ, ಮುತ್ಯಾನ ಮೊಣಕಾಲು ಸೋತಾವ’ ಅಂದರು ಊರವರು. ಮುತ್ಯಾನಿಗೆ ಅದು ಕೇಳಿಸಿ ಸಿಟ್ಟು ಬಂದಿತ್ತು. ‘ಭೀಮಗ ತನ್ನ ಮಾತಷ್ಟ ಬಂದ್ರ ಸಾಕು. ಸಾರಥಿಗೆ ಎಲ್ಲಾರ ಮಾತೂ ಬರಬೇಕು’ ಅನ್ನುತ್ತಿದ್ದ. ಅವನ ಮೊಣಕಾಲು ಸೋತದ್ದೂ ನಿಜವೇ. ಆದರೆ ಸಾರಥಿಯಾಗಿ ಅವನು ಹೇಗೆ ಆಡಿದ ಎಂದು ಯಾರೂ ಹೇಳಲಿಲ್ಲ. ಚೆನ್ನಾಗಿತ್ತು ಅಂತಲೂ ಇಲ್ಲ, ಕೆಟ್ಟದಾಗಿತ್ತು ಅಂತಲೂ ಇಲ್ಲ.

ನನ್ನ ಪಿಎಚ್.ಡಿ. ವಿಷಯ ಲೇಖಕರ ಕೊನೆಗಾಲದ ಕೃತಿಗಳು. ಅಲ್ಲಿ ಅಡೋರ್ನೊ, ಎಡ್ವರ್ಡ್ ಸಯೀದ್ ಇಬ್ಬರ ಹೆಸರೂ ತಪ್ಪದೆ ಬರುತ್ತದೆ. ಬೇತೋವನ್‌ನ ಕಡೆಯ ಸಂಗೀತದಲ್ಲಿ ಅಡೋರ್ನೊ ಕಂಡದ್ದು ಸಮಾಧಾನವನ್ನಲ್ಲ, ಬಿರುಕನ್ನು. ದೊಡ್ಡ ಮಾತು. ಆದರೆ ಅದನ್ನು ಓದಿದ ಮೇಲೆ ನಾವು ಮುದುಕರಿಂದ ಬಿರುಕನ್ನಾದರೂ ಕೇಳುತ್ತೇವೆ, ಇಲ್ಲವೇ ಜ್ಞಾನವನ್ನಾದರೂ ಕೇಳುತ್ತೇವೆ. ಸುಮ್ಮನೆ ಚೇಷ್ಟೆ ಮಾಡುವ ಮುದುಕನಿಗೆ ನಮ್ಮ ಟಿಪ್ಪಣಿಗಳಲ್ಲಿ ಜಾಗವಿಲ್ಲ. ನಮ್ಮಲ್ಲೂ ಹೀಗೇ. ‘ತರ್ಕ’, ‘ನಿಷ್ಕರ್ಷ’ ಮಾಡಿದ ಸುನೀಲ್ ಕುಮಾರ್ ದೇಸಾಯಿ 2016ರಲ್ಲಿ ‘ರೇ’ ಎಂಬ ತಮಾಷೆಯ ದೆವ್ವದ ಚಿತ್ರ ತಂದಾಗ, ನನ್ನ ಗೆಳೆಯರ ಗುಂಪು ಎರಡು ತಾಸೂ ಅದರಲ್ಲಿ ‘ನಿಷ್ಕರ್ಷ’ವನ್ನೇ ಹುಡುಕಿತು. (ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡಿ ತಿರುಗಿ ಹೋಗುತ್ತಾರೆ. ಅದೇ ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ನಮ್ಮೂರ ಕೆರೆಯ ಕಡೆ ಬರುವವರು ಕಡಿಮೆ. ಕೆರೆಯೇನೂ ಸಣ್ಣದಲ್ಲ.)

ನಾನು ಕೇಳಿದ ಅಭಿಪ್ರಾಯಗಳಲ್ಲಿ ಅತ್ಯಂತ ನ್ಯಾಯವಾದದ್ದು ಅವ್ವನದು. ರಜೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಹಾಕಿ, ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಾ ತೋರಿಸಿದೆ. ಹಿಚ್‌ಕಾಕ್ ಯಾರೆಂದು ಅವಳಿಗೆ ಗೊತ್ತಿಲ್ಲ, ವಯಸ್ಸನ್ನೂ ನಾನು ಹೇಳಿರಲಿಲ್ಲ. ಬ್ರೇಕಿಲ್ಲದ ಕಾರಿನಲ್ಲಿ ಬ್ಲಾಂಚ್ ಹೆದರಿ ಜಾರ್ಜ್‌ನ ಮೈಮೇಲೆಲ್ಲಾ ಹತ್ತಿ ಒದ್ದಾಡುವಾಗ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮುಗಿದ ಮೇಲೆ ಅಂದಳು: ‘ಆಕಿ ಸುಳ್ಳ ಹೇಳ್ತಾಳ ಖರೆ, ಆದ್ರ ಯಾರ ಮನೀನೂ ಹಾಳ ಮಾಡಂಗಿಲ್ಲ. ಆ ಒಡವಿಯಾಂವ ಖರೆ ಮಾತಾಡಿದ್ರೂ ಅಂಜಿಕಿ ಬರ್ತದ. ನಡಕ ಭಾಳ ಎಳದಾರ ನೋಡು, ಅರ್ಧಾ ತಾಸ ಕಡಿಮಿ ಮಾಡಬೇಕಿತ್ತು.’ ಇದರಲ್ಲಿ ಪೂಜೆಯೂ ಇಲ್ಲ, ಕನಿಕರವೂ ಇಲ್ಲ. ಎರಡು ಗಂಟೆಯ ಚಿತ್ರಕ್ಕೆ ಅರ್ಧ ಗಂಟೆ ದಂಡ ಹಾಕಿದ್ದು ತುಸು ಹೆಚ್ಚಾಯಿತು ಅನಿಸಿದರೂ, ಅವಳು ನೋಡಿದ್ದು ಚಿತ್ರವನ್ನು.

ಕಡೆಯ ದೃಶ್ಯದಲ್ಲಿ ಬ್ಲಾಂಚ್ ದಿವ್ಯದೃಷ್ಟಿ ಬಂದವಳಂತೆ ನಡೆದು ದೀಪದ ಗೊಂಚಲಿನಲ್ಲಿ ಬಚ್ಚಿಟ್ಟ ವಜ್ರ ತೋರಿಸಿ, ನಮ್ಮ ಕಡೆ ತಿರುಗಿ ಕಣ್ಣು ಹೊಡೆಯುತ್ತಾಳೆ. ಇದು ಹಿಚ್‌ಕಾಕ್ ಪ್ರೇಕ್ಷಕರಿಗೆ ಹೇಳಿದ ವಿದಾಯ ಎಂದು ಬಹಳ ಜನ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಆತನಿಗೆ ವಿದಾಯದ ಯೋಚನೆ ಇದ್ದಂತೆ ಕಾಣುವುದಿಲ್ಲ. ಈ ಚಿತ್ರ ಮುಗಿದ ಮೇಲೂ ‘ದಿ ಶಾರ್ಟ್ ನೈಟ್’ ಎಂಬ ಗೂಢಚಾರರ ಚಿತ್ರಕ್ಕೆ ಚಿತ್ರಕಥೆ ಬರೆಸುತ್ತಾ ಕೂತಿದ್ದ. ಆರೋಗ್ಯ ಕೈಕೊಟ್ಟು ಅದು ನಿಂತಿತು. ಸಾವು ನಾವು ಆಮೇಲೆ ತಂದು ಅಂಟಿಸಿದ್ದು. ಎಂದಿನಂತೆ ಈ ಚಿತ್ರದಲ್ಲೂ ಆತ ಒಂದು ಕ್ಷಣ ಕಾಣಿಸಿಕೊಳ್ಳುತ್ತಾನೆ: ಜನನ ಮರಣ ನೋಂದಣಿ ಕಚೇರಿಯ ಗಾಜಿನ ಬಾಗಿಲ ಹಿಂದೆ, ಬರೀ ನೆರಳಾಗಿ. ಅದರಲ್ಲೂ ಮುನ್ಸೂಚನೆ ಹುಡುಕಿದವರಿದ್ದಾರೆ. ನೆರಳು ಮಾತ್ರ ಬೆರಳೆತ್ತಿ ಒಳಗಿನ ಯಾರ ಜೊತೆಗೋ ತಕರಾರು ಮಾಡುತ್ತಿದೆ.