ಹೊಂಟಲ್ಲಿಗೇ ಬರೋ ದಾರಿ

“ಎಲ್ಲಿಗ್ ಹೊಂಟೀರೋ ತಮ್ಮಾ?” ಡೋಣಿ ಊರ ಹೊರಗೆ ಒಬ್ಬ ಅಜ್ಜಿ ಕೇಳಿದಳು.

“ಡಂಬಳದಿಂದ ಬಂದೀವಿ ಯವ್ವಾ. ಗುಡ್ಡ ಸುತ್ತಿ ತಿರುಗಿ ಡಂಬಳಕ್ಕ ಹೋಗ್ತೀವಿ.”

ಅಜ್ಜಿ ನಮ್ಮ ಬೂಟು, ಬೆನ್ನಿನ ಬ್ಯಾಗು ಎಲ್ಲಾ ಒಮ್ಮೆ ನೋಡಿದಳು. “ಹಂಗಾದ್ರ ಡಂಬಳದಾಗ ಇರಬೇಕಿತ್ತಲ್ಲಪಾ” ಅಂದು ಹೊರಟೇ ಹೋದಳು.

ಜೊತೆಗಿದ್ದ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಷ್ಟು ನಗು ಬರಲಿಲ್ಲ. ನಮ್ಮಪ್ಪ ಸುಮ್ಮನೆ ನಡೆದದ್ದನ್ನು ನಾನು ನೋಡೇ ಇಲ್ಲ. ಸಂತೆಗೆ ನಡೆದಿದ್ದಾನೆ, ಹೊಲಕ್ಕೆ ನಡೆದಿದ್ದಾನೆ, ಸತ್ತವರ ಮನೆಗೆ ನಡೆದಿದ್ದಾನೆ. ಎಲ್ಲಿಗೂ ಹೋಗದೆ ಹೊಂಟಲ್ಲಿಗೇ ತಿರುಗಿ ಬರೋದಕ್ಕೆ ಎರಡು ದಿನ ನಡೀತಾರೆ ಅಂದರೆ ಅವನೂ ಅಜ್ಜಿಯ ಮಾತನ್ನೇ ಆಡುತ್ತಿದ್ದ.

ನಾಲ್ವರೂ ನನ್ನ ಟೀಮಿನವರು. ಸಾವನದುರ್ಗ, ಸ್ಕಂದಗಿರಿ ಹತ್ತಿ ಹತ್ತಿ ಬೇಜಾರಾದವರು. “ನಮ್ಮ ಕಡೆ ಬರ್ರಿ, ಊರು, ಕಾಡು, ಹಾಳು ಕೋಟೆ ಮೂರೂ ಒಂದೇ ಸುತ್ತಿನಾಗ ತೋರಸ್ತೀನಿ” ಅಂತ ಕೊಚ್ಚಿಕೊಂಡಿದ್ದೆ. ನನ್ನ ಹಳ್ಳಿ ಡಂಬಳದ ಪಕ್ಕದಲ್ಲೇ. ಜನವರಿಯ ಶನಿವಾರ ಬೆಳಿಗ್ಗೆ ಡಂಬಳ ಬಿಡೋದು, ರಾತ್ರಿ ಡೋಣಿಯಲ್ಲಿ ಪರಿಚಯದವರ ಮನೆ, ಭಾನುವಾರ ಕಪ್ಪತಗುಡ್ಡದ ಮಲ್ಲಯ್ಯನ ಗುಡಿ ನೋಡಿ ಬೇರೆ ದಾರಿಯಿಂದ ಇಳಿದು ಮನೆಗೆ. ಮ್ಯಾಪಿನಲ್ಲಿ ಸುತ್ತು ಬಹಳ ಚಂದ ಕಾಣ್ತಿತ್ತು.

ಡಂಬಳದಲ್ಲಿ ಮೊದಲು ದೊಡ್ಡಬಸಪ್ಪನ ಗುಡಿ ನೋಡಿದ್ವಿ. 24 ಮೂಲೆಗಳ ನಕ್ಷತ್ರದಂಥ ತಳವಿನ್ಯಾಸ. ಹನ್ನೆರಡನೇ ಶತಮಾನದ ಕಟ್ಟಡ, ಇವತ್ತು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕೋಟೆಗೆ ಆ ಭಾಗ್ಯ ಇಲ್ಲ. 1800ರ ಜುಲೈನಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಆರ್ಥರ್ ವೆಲ್ಲೆಸ್ಲಿ ಈ ಕೋಟೆ ಹಿಡಿದಿದ್ದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಅಂಥಾ ಕೋಟೆಯ ಕಲ್ಲು ಎಲ್ಲಿ ಹೋದವು ಅಂತ ಗೆಳೆಯನೊಬ್ಬ ಕೇಳಿದ. ಜನ ಕಿತ್ತುಕೊಂಡು ಹೋದರು, ನಮ್ಮವರಿಗೆ ಇತಿಹಾಸದ ಬೆಲೆ ಗೊತ್ತಿಲ್ಲ ಅಂದೆ. ಆ ಮಾತು ಮರುದಿನ ನನ್ನ ಮೇಲೇ ತಿರುಗಿತು.

ಕಪ್ಪತಗುಡ್ಡ ಪಶ್ಚಿಮಘಟ್ಟದ ಹಾಗೆ ಹಸಿರು ಸುರಿಯೋ ಜಾಗ ಅಲ್ಲ. ಜನವರಿಗೆಲ್ಲಾ ಹುಲ್ಲು ಒಣಗಿ ಗುಡ್ಡ ಪೂರ್ತಿ ಗೋದಿ ಬಣ್ಣ. ಮಧ್ಯೆ ಮಧ್ಯೆ ಕುರುಚಲು, ಸಾಲು ಸಾಲು ಗಾಳಿಯಂತ್ರಗಳು. ಔಷಧಿ ಸಸ್ಯಕ್ಕೆ ಹೆಸರಾದ ಗುಡ್ಡ, ಕೆಳಗೆ ಚಿನ್ನದ ಅದಿರು. ಬ್ರಿಟಿಷರ ಕಾಲದಲ್ಲೇ ಹೊಸೂರು, ಕಬಲಾಯತಕಟ್ಟಿ ಕಡೆ ಚಿನ್ನ ಅಗೆದಿದ್ದಾರೆ. 2015ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿತು. 2016ರಲ್ಲಿ ಆದೇಶ ವಾಪಸ್ ಪಡೆಯಿತು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಅಹೋರಾತ್ರಿ ಕೂತರು, ಏಪ್ರಿಲ್‌ನಲ್ಲಿ ಆದೇಶ ಮರಳಿ ಬಂತು. 2019ರಲ್ಲಿ ವನ್ಯಜೀವಿಧಾಮವೇ ಆಯಿತು, ಸುಮಾರು 244 ಚದರ ಕಿಲೋಮೀಟರ್.

ಆ ಹೋರಾಟದಲ್ಲಿ ನನ್ನ ಪಾಲೂ ಇದೆ ಅಂತ ನಾನು ಹೇಳಿಕೊಳ್ಳೋದುಂಟು. ಬೆಂಗಳೂರಿನಲ್ಲಿ ಕೂತು ಒಂದು ಆನ್‌ಲೈನ್ ಮನವಿಗೆ ಸಹಿ ಹಾಕಿ, ಆಫೀಸಿನಲ್ಲಿ ಮೂವತ್ತು ಮಂದಿ ಕೈಲಿ ಹಾಕಿಸಿದ್ದೆ. ಅಷ್ಟೇ.

ಗುಡಿ ನೋಡಿ ಇಳಿಯುವಾಗ ಇಳಿಜಾರಿನಲ್ಲಿ ಅರವತ್ತು ಎಪ್ಪತ್ತು ಕುರಿ ಕಂಡವು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಕೋಲಿಗೆ ಗದ್ದ ಊರಿ ನಿಂತಿದ್ದರು. “ಅಭಯಾರಣ್ಯದಲ್ಲಿ ಕುರಿ ಮೇಯಿಸೋಕೆ ಬಿಡ್ತಾರಾ?” ಅಂತ ನಮ್ಮ ಟೀಮಿನ ಹುಡುಗಿ ಕೇಳಿದಳು. ನಾನು ಗೈಡಿನ ಗತ್ತಿನಲ್ಲಿ ಮುಂದೆ ಹೋಗಿ, “ಕಾಕಾ, ಇದು ಅಭಯಾರಣ್ಯ. ಇಲ್ಲಿ ಮೇಸಂಗಿಲ್ಲಲ್ರಿ” ಅಂದೆ.

“ನೀವು ಫಾರೆಸ್ಟಿನವರೇನ್ರಿ?”

“ಅಲ್ರಿ. ಇಲ್ಲೇ ಊರವ್ರು.”

“ಯಾರ ಪೈಕಿ?”

ಅಜ್ಜನ ಹೆಸರು ಹೇಳಿದೆ. ಆ ಕ್ಷಣಕ್ಕೆ ‘ನೀವು’ ಹೋಗಿ ‘ನೀ’ ಬಂತು. “ಅಯ್ಯ ಇವನ! ನೀ ಅವರ ಮೊಮ್ಮಗನೇನು? ನಿಮ್ಮ ಹೊಲದಾಗ ನಾವು ಕುರಿ ನಿಂದರಸ್ತಿದ್ವಿ. ಗೊಬ್ಬರಕ್ಕ ಅಂತ ನಿಮ್ಮಜ್ಜ ಎಂಟೆಂಟು ರಾತ್ರಿ ನಿಂದರಿಸ್ಕೊಂಡು ಜೋಳ ಅಳೆದು ಕೊಡ್ತಿದ್ದ. ನಿಮ್ಮನಿ ಹೊಸ್ತಲ ಕಲ್ಲು ಐತಲ್ಲ, ಅದು ಡಂಬಳ ಕೋಟಿದು. ಬಂಡ್ಯಾಗ ಹೇರಾಕ ನಮ್ಮಪ್ಪನೂ ಕೈ ಹಚ್ಚಿದ್ದ.”

ಮೊದಲ ದಿನ ಕೋಟೆ ಕಲ್ಲಿನ ಬಗ್ಗೆ ಕೇಳಿದ್ದ ಗೆಳೆಯ ನನ್ನ ಮುಖ ನೋಡಿದ. ಪುಣ್ಯಾತ್ಮ ಏನೂ ಅನ್ನಲಿಲ್ಲ.

ಇನ್ನೂ ಸ್ವಲ್ಪ ಹೊತ್ತು ಮಾತಾಡಿದ್ವಿ. ಆಮೇಲೆ ಅವರು ಬಾಯಲ್ಲಿ ಒಂದು ಶಬ್ದ ಮಾಡಿ ಕುರಿಗಳನ್ನು ಕೆಳಗೆ ಹೊಳ್ಳಿಸಿದರು. ಇರಲಿ ಬಿಡ್ರಿ ಕಾಕಾ ಅಂದೆ. “ಬ್ಯಾಡ ಬಿಡು, ನೀ ಹೇಳಿದಿ ಅಂದಮ್ಯಾಲೆ” ಅಂದರು. ಕುರಿಗಳ ಹೊಟ್ಟೆ ಇನ್ನೂ ತುಂಬಿರಲಿಲ್ಲ.

ಉಳಿದ ದಾರಿಯೆಲ್ಲಾ ಇದೇ ವಾದ. “ನೀನು ಹೇಳಿದ್ದರಲ್ಲಿ ತಪ್ಪೇನಿದೆ? ಮೇಯಿಸೋದಕ್ಕೆ ನಿಯಮ ಇದೆ. ಕುರಿ ಮೇಯ್ದು ಮೇಯ್ದೇ ಎಷ್ಟೋ ಗುಡ್ಡ ಬೋಳಾಗಿವೆ” ಅಂತ ಹುಡುಗಿ. ಅವಳ ಮಾತು ಸರಿ. ಬೇಸಿಗೆಯಲ್ಲಿ ಈ ಗುಡ್ಡಕ್ಕೆ ಬೆಂಕಿ ಬೀಳುತ್ತದೆ, ಎಲ್ಲವೂ ತಾನೇ ಬೀಳೋದಲ್ಲ. ಕುರಿಗಾಹಿ ಬಡವ, ಹಾಗಾಗಿ ಅವನು ಮಾಡಿದ್ದೆಲ್ಲಾ ಸರಿ ಅನ್ನೋದು ನಗರದವರ ಇನ್ನೊಂದು ಥರದ ಸೋಮಾರಿತನ.

ನನ್ನನ್ನು ಚುಚ್ಚಿದ್ದು ಬೇರೆ. ನಮ್ಮ ಆಫೀಸಿನಲ್ಲಿ ಒಂದು ನಿಯಮ ಇದೆ. ಕೋಡ್ ಬರೆದು ಪ್ರೊಡಕ್ಷನ್‌ಗೆ ತಳ್ಳಿದವನೇ ಆ ವಾರ ಆನ್‌ಕಾಲ್ ಇರಬೇಕು. ರಾತ್ರಿ ಎರಡಕ್ಕೆ ಏನಾದರೂ ಮುರಿದರೆ ಅವನ ಫೋನೇ ಹೊಡ್ಕೋಬೇಕು. ಈ ನಿಯಮ ಬಂದ ಮೇಲೆ ಜನ ಕೋಡ್ ಬರೆಯೋ ರೀತಿಯೇ ಬದಲಾಯಿತು. ಗುಡ್ಡದ ವಿಷಯದಲ್ಲಿ ಏನಾಗಿದೆ? ಬದಲಾವಣೆ ಬೇಕು ಅಂತ ಸಹಿ ಹಾಕಿದವನು ನಾನು. ಆನ್‌ಕಾಲ್ ಇರೋರು ಕಾಕಾ. ನನಗೆ ಸಿಕ್ಕಿದ್ದು ಚಂದದ ಟ್ರೆಕ್ಕು, ಅವರಿಗೆ ಸಿಕ್ಕಿದ್ದು ಕುರಿ ಎಲ್ಲಿಗೆ ಹೊಡೀಬೇಕು ಅನ್ನೋ ಪ್ರಶ್ನೆ. ನನ್ನ ಲ್ಯಾಪ್‌ಟಾಪಿನ ಸರ್ಕ್ಯೂಟಿನಲ್ಲೂ ಚೂರು ಚಿನ್ನ ಇದೆ, ಅದು ಯಾವ ಗುಡ್ಡ ಅಗೆದು ತೆಗೆದದ್ದೋ ನಾನು ಯಾವತ್ತೂ ಕೇಳಿಲ್ಲ.

1932ರಲ್ಲಿ ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕ ಹುಡುಗರು ಕಿಂಡರ್ ಸ್ಕೌಟ್ ಅನ್ನೋ ಗುಡ್ಡಕ್ಕೆ ಅಪ್ಪಣೆ ಇಲ್ಲದೆ ನುಗ್ಗಿದರು. ಜಮೀನುದಾರರು ಹಕ್ಕಿ ಬೇಟೆಗೆ ಅಂತ ಬೇಲಿ ಹಾಕಿಕೊಂಡಿದ್ದ ಗುಡ್ಡ ಅದು. ಐದು ಜನ ಜೈಲಿಗೂ ಹೋದರು. ಇವತ್ತು ಅಲ್ಲಿ ನಡೆದಾಡೋ ಹಕ್ಕು ಇದ್ದರೆ ಅದರಲ್ಲಿ ಅವರ ಪಾಲಿದೆ. ಟ್ರೆಕ್ಕಿಂಗ್ ಅಂದರೆ ಸ್ವಾತಂತ್ರ್ಯ ಅಂತ ಭಾಷಣ ಮಾಡುವಾಗ ಈ ಕಥೆ ನನಗೆ ಬಾಯಿಪಾಠ. ಅಲ್ಲಿ ಗುಡ್ಡಕ್ಕೆ ಬರಬೇಡ ಅಂತ ತಡೆಸಿಕೊಂಡವರು ಪಟ್ಟಣದಿಂದ ನಡೆದು ಬಂದವರು. ಆ ಭಾನುವಾರ ಪಟ್ಟಣದಿಂದ ನಡೆದು ಬಂದು ತಡೆದವನು ನಾನು.

“ಹಾಗಾದರೆ ಕಾನೂನೇ ಬೇಡ್ವಾ?” ಅಂದ ಗೆಳೆಯ. ಬೇಕು. ಆ ಜನ ಅಹೋರಾತ್ರಿ ಕೂತಿರದಿದ್ದರೆ ಇವತ್ತು ಕಾಕಾನ ಕುರಿಗೂ ಗುಡ್ಡ ಇರುತ್ತಿತ್ತೋ ಇಲ್ಲವೋ. ಆದರೆ ಅಲ್ಲಿ ಕೂತವರು ಗುಡ್ಡ ಉಳಿದರೂ ಹೋದರೂ ಅದರ ಬುಡದಲ್ಲೇ ಬದುಕೋರು. ನಾನು ಸೋಮವಾರ ಸ್ಟ್ಯಾಂಡಪ್ಪಿಗೆ ಬೆಂಗಳೂರಲ್ಲಿ ಇರಬೇಕಾದವನು. ಕಾಕಾಗೆ “ಮೇಸಬ್ಯಾಡ್ರಿ” ಅನ್ನೋ ಮುಂಚೆ “ಮತ್ತ ಎಲ್ಲಿ ಮೇಸ್ತೀರಿ?” ಅಂತ ಕೇಳಬಹುದಿತ್ತು. ಅದು ನನ್ನ ಬಾಯಿಗೆ ಬರಲೇ ಇಲ್ಲ.

ಸಂಜೆ ಮನೆ ಮುಟ್ಟಿದಾಗ ಹೊಸ್ತಿಲ ಮುಂದೆ ಕೂತು ನೋಡಿದೆ. ಕಲ್ಲಿನ ಒಂದು ಅಂಚಿಗೆ ಮಾಸಿದ ಕೆತ್ತನೆ ಇದೆ. ಮೂವತ್ತು ವರ್ಷ ದಾಟಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ. “ಕೋಟಿ ಕಲ್ಲು ಅಂತ ನಿನಗ ಗೊತ್ತಿತ್ತೇನವಾ?” ಅಂತ ಅವ್ವನನ್ನು ಕೇಳಿದೆ. “ಊರಿಗೆಲ್ಲಾ ಗೊತ್ತೈತಿ. ಮೊದಲು ಬೂಟು ಹೊರಗ ಬಿಡು” ಅಂದಳು.

ರೊಟ್ಟಿ ತಿನ್ನುವಾಗ ಕಾಕಾನ ಸುದ್ದಿ ತೆಗೆದೆ. ಕುರಿ ಅರ್ಧಕ್ಕರ್ಧ ಮಾರಿದ್ದಾರಂತೆ. “ಮೊದಲು ಸುಗ್ಗಿ ಮುಗಿದ ಮ್ಯಾಲೆ ಎಲ್ಲಾರ ಹೊಲಾನೂ ಖಾಲಿ ಇರ್ತಿದ್ವು, ಕರದು ನಿಂದರಿಸ್ಕೊಂತಿದ್ರು. ಈಗ ಬೋರು, ಬ್ಯಾಸಗಿ ಬೆಳಿ. ನಮ್ಮ ಹೊಲನೂ ಲಾವಣಿ ಹಾಕೀವಲ್ಲ, ನಿನ್ನ ಅಕೌಂಟಿಗೇ ರೊಕ್ಕ ಬರತೈತಿ.”

ಹೌದು, ಬರುತ್ತದೆ. ವರ್ಷಕ್ಕೊಮ್ಮೆ ಮೆಸೇಜು ಬಂದಾಗಷ್ಟೇ ಹೊಲದ ನೆನಪು.

ಮರುದಿನ ಬೆಂಗಳೂರಿನಿಂದ, ಲಾವಣಿಗೆ ಮಾಡಿದವರಿಗೆ ಫೋನ್ ಹಚ್ಚಿದೆ. ಕಡಲೆ ಕಿತ್ತಮೇಲೆ ಎರಡು ತಿಂಗಳು ಹೊಲ ಖಾಲಿ ಬಿಟ್ಟು, ಕುರಿ ನಿಲ್ಲಿಸಿಕೊಳ್ಳಲಿಕ್ಕೆ ಆಗುತ್ತದೇನು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆಗ್ತದರಿ. ಬ್ಯಾಸಗಿ ಬೆಳಿ ಹೋಗ್ತದಲ್ಲ, ಅಷ್ಟು ಲಾವಣಿ ರೊಕ್ಕದಾಗ ಮುರಕೋಬೇಕಾಗ್ತದ” ಅಂದರು. ಎಷ್ಟು ಅಂತ ಕೇಳಿದೆ. ಹೇಳಿದರು.

ಯೋಚನೆ ಮಾಡಿ ಹೇಳ್ತೀನಿ ಅಂದಿದ್ದೇನೆ. ಹನ್ನೊಂದು ದಿನ ಆಯಿತು.